ಉಸಿರುಗಟ್ಟಿದ ಗಡ್ಡೆಯನ್ನು ಹುಡುಕುವ ಬಗೆ

ರೇಡಿಯೇಷನ್ ಕೊಟ್ಟರೂ ಕೆಲವು ಕ್ಯಾನ್ಸರ್ ಗಡ್ಡೆಗಳು ಜಗ್ಗುವುದಿಲ್ಲ. ಇದಕ್ಕೊಂದು ಕಾರಣವನ್ನು ಇಂಗ್ಲೆಂಡಿನ ವಿಜ್ಞಾನಿ ಎಲ್. ಎಚ್. ಗ್ರೇ ಮತ್ತು ಸಂಗಡಿಗರು 1953ರಲ್ಲೇ ಮುಂದಿಟ್ಟಿದ್ದರು: ಆಮ್ಲಜನಕ ಸಿಗದ ಜೀವಕೋಶವನ್ನು ಕೊಲ್ಲಲು ಹೆಚ್ಚುಕಡಿಮೆ ಮೂರು ಪಟ್ಟು ವಿಕಿರಣ ಬೇಕು. ಎರಡು ವರ್ಷದ ಬಳಿಕ ಗ್ರೇ ಮತ್ತು ಥಾಮ್ಲಿನ್ಸನ್ ಶ್ವಾಸಕೋಶದ ಗಡ್ಡೆಗಳ ಹೋಳುಗಳನ್ನು ಪರೀಕ್ಷಿಸಿದರು. ರಕ್ತನಾಳಗಳಿಂದ ಮಿಲಿಮೀಟರಿನ ಐದನೇ ಒಂದು ಭಾಗ ದೂರ ಸರಿಯುವಷ್ಟರಲ್ಲಿ ಕೋಶಗಳು ಸತ್ತಿದ್ದವು. ಸತ್ತವು ಹೇಗೂ ಸತ್ತವು. ಅವುಗಳ ಪಕ್ಕದಲ್ಲಿ ಅರೆಜೀವ ಹಿಡಿದು ಕೂತವೇ ತಂಟೆಕೋರರು.

ಅವು ಯಾವ ರೋಗಿಯಲ್ಲಿ ಎಷ್ಟಿವೆ? 1990ರ ದಶಕದಲ್ಲಿ ಜರ್ಮನಿಯ ಮೈಂಜ್‌ನಲ್ಲಿ ಗರ್ಭಕಂಠದ ಗಡ್ಡೆಗೆ ಸೂಜಿಯಂಥ ಎಲೆಕ್ಟ್ರೋಡ್ ಚುಚ್ಚಿ ಅಳೆದರು. ಆಮ್ಲಜನಕ ಕಡಿಮೆಯಿದ್ದವರ ಬದುಕುಳಿವೂ ಕಡಿಮೆ ಎಂದು ಗೊತ್ತಾಯಿತು. ಆದರೆ ಸೂಜಿ ಎಲ್ಲ ಕಡೆಗೂ ತಲುಪೀತೇ?

ದಾರಿ ತೋರಿಸಿದ್ದು ಸೋತ ಔಷಧಿ ಎಂಬುದೇ ಸೊಗಸು. ವಿಕಿರಣದ ಪರಿಣಾಮ ಹೆಚ್ಚಿಸಲೆಂದು ತಂದ ಮಿಸೊನಿಡಜೋಲ್ ನರಗಳಿಗೆ ಹಾನಿ ಮಾಡಿ ಮೂಲೆ ಸೇರಿತ್ತು. ಆದರೆ ಅದಕ್ಕೊಂದು ಗುಣವಿತ್ತು. ಆಮ್ಲಜನಕವಿರುವ ಕೋಶದೊಳಗೆ ಹೊಕ್ಕರೆ ಹೊರಬರುತ್ತದೆ, ಇಲ್ಲದ ಕಡೆ ಅಲ್ಲೇ ಅಂಟಿಕೊಳ್ಳುತ್ತದೆ. ಅಮೆರಿಕದ ಸಿಯಾಟಲ್‌ನ ತಂಡ ಅದರ ಸೋದರ ಅಣುವಿಗೆ ವಿಕಿರಣಶೀಲ ಫ್ಲೋರಿನ್-18 ಜೋಡಿಸಿ, 1992ರ ಹೊತ್ತಿಗೆ ರೋಗಿಗಳ ಗಡ್ಡೆಯನ್ನು ಪೆಟ್ ಸ್ಕ್ಯಾನ್‌ನಲ್ಲಿ (ವಿಕಿರಣಶೀಲ ಅಣು ದೇಹದಲ್ಲಿ ಎಲ್ಲಿ ಸೇರಿದೆಯೆಂದು ತೋರಿಸುವ ಚಿತ್ರಣ) ಕಂಡಿತು. ಚಿತ್ರ ಮಸುಕು. ಚುಚ್ಚುಮದ್ದಿನ ಬಳಿಕ ಎರಡು ಗಂಟೆಗೂ ಮೀರಿ ಕಾಯಬೇಕು, ಅತ್ತ ಫ್ಲೋರಿನ್-18 ಪ್ರತಿ 110 ನಿಮಿಷಕ್ಕೆ ಅರ್ಧವಾಗುತ್ತದೆ. ಎಂಆರ್‌ಐಗೆ ಈ ತೊಡಕಿಲ್ಲ. ಆದರೆ ಅದರಲ್ಲಿ ಆಮ್ಲಜನಕ ಅಳೆಯಲು ಬಳಸುವ ‘ಬೋಲ್ಡ್’ ಎಂಬ ವಿಧಾನ ಹಿಡಿಯುವುದು ರಕ್ತದ ಆಮ್ಲಜನಕವನ್ನು, ಗಡ್ಡೆಯ ಕೋಶಗಳದ್ದನ್ನಲ್ಲ.

ನೋಡದೆ ಮದ್ದು ಕೊಟ್ಟರೆ ಏನಾಗುತ್ತದೆ? ಆಮ್ಲಜನಕವಿಲ್ಲದ ಕೋಶಗಳನ್ನೇ ಕೊಲ್ಲುವ ಟಿರಾಪಜಮಿನ್ ಔಷಧಿಯನ್ನು ತಲೆ-ಕುತ್ತಿಗೆ ಕ್ಯಾನ್ಸರ್‌ನ 861 ಮಂದಿಯ ಪ್ರಯೋಗದಲ್ಲಿ ಪರೀಕ್ಷಿಸಲಾಯಿತು. 2010ರಲ್ಲಿ ಬಂದ ಫಲಿತಾಂಶ: ಪ್ರಯೋಜನವಿಲ್ಲ. ಗಡ್ಡೆಯಲ್ಲಿ ಆಮ್ಲಜನಕದ ಕೊರತೆ ಇದೆಯೇ ಎಂದು ನೋಡಿ ರೋಗಿಗಳನ್ನು ಆರಿಸಿರಲಿಲ್ಲ. ಆಸ್ಟ್ರೇಲಿಯಾದಲ್ಲಿ 45 ಮಂದಿಯ ಪೆಟ್ ಸ್ಕ್ಯಾನ್ ಮಾಡಿದ್ದ ಸಣ್ಣ ಅಧ್ಯಯನವೊಂದು, ಕೊರತೆ ಇದ್ದವರಿಗೆ ಅದೇ ಔಷಧಿ ಚೆನ್ನಾಗಿ ಹಿಡಿಯಿತೆಂದು 2006ರಲ್ಲೇ ಹೇಳಿತ್ತು!

ಈಗ ಅದೇ ಸ್ಕ್ಯಾನನ್ನು ಚಿಕಿತ್ಸೆ ತಗ್ಗಿಸಲೂ ಬಳಸುತ್ತಿದ್ದಾರೆ. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್‌ನಲ್ಲಿ ಎಚ್‌ಪಿವಿ ವೈರಸ್‌ನಿಂದ ಬಂದ ಗಂಟಲು ಕ್ಯಾನ್ಸರ್‌ನ ಮೂಲ ಗಡ್ಡೆಯನ್ನು ಶಸ್ತ್ರಚಿಕಿತ್ಸೆಯಲ್ಲಿ ತೆಗೆದು, ಕುತ್ತಿಗೆಯ ದುಗ್ಧಗ್ರಂಥಿಗಳಲ್ಲಿದ್ದ ಕ್ಯಾನ್ಸರ್ ಗಂಟುಗಳನ್ನು ಸ್ಕ್ಯಾನ್ ಮಾಡಿದರು. ಕೊರತೆ ಕಾಣದವರಿಗೆ, ಅಥವಾ ಚಿಕಿತ್ಸೆ ಶುರುವಾದ ಮೇಲೆ ಅದು ನೀಗಿದವರಿಗೆ, ಏಳು ವಾರಗಳ 70 ಗ್ರೇ (ವಿಕಿರಣದ ಪ್ರಮಾಣದ ಅಳತೆ) ಬದಲು ಮೂರು ವಾರಗಳ 30 ಗ್ರೇ ವಿಕಿರಣ ಮತ್ತು ಕೀಮೋ ಸಾಕೆಂದರು. 2024ರಲ್ಲಿ ಪ್ರಕಟವಾದ ಫಲಿತಾಂಶ ಆಶಾದಾಯಕವಾಗಿದೆ. ಆದರೆ ಇದು ಎಚ್‌ಪಿವಿ ಕ್ಯಾನ್ಸರ್‌ನ ಮಾತು. ನಮ್ಮಲ್ಲಿ ಹೆಚ್ಚಾಗಿ ಕಾಣುವ, ತಂಬಾಕು-ಗುಟ್ಕಾದಿಂದ ಬರುವ ಬಾಯಿ ಕ್ಯಾನ್ಸರ್‌ಗೆ ಈ ರಿಯಾಯಿತಿ ಅನ್ವಯಿಸದು.