ನೀಲನಕ್ಷೆಯೊಳಗಿನ ನೆತ್ತರು

ಸರ್ಕಾರದ ಯೋಜನೆಯಾಗಲಿ, ದರೋಡೆಕೋರರ ಸಂಚಾಗಲಿ, ನಮ್ಮ ಪತ್ರಿಕೆಗಳಲ್ಲಿ ಎರಡಕ್ಕೂ ‘ನೀಲನಕ್ಷೆ’ಯೇ ಸಿದ್ಧವಾಗುತ್ತದೆ. ನಕ್ಷೆ ಸರಿ, ಅದು ನೀಲಿಯೇ ಏಕೆ? ಈ ಪ್ರಶ್ನೆಯ ಬೆನ್ನು ಹತ್ತಿದರೆ ಮುನ್ನೂರು ವರ್ಷಗಳ ಹಿಂದೆ ಬರ್ಲಿನ್ನಿನಲ್ಲಿ ಕೆಟ್ಟುಹೋದ ಒಂದು ಪಾಕದ ಬಳಿಗೆ ಹೋಗಿ ನಿಲ್ಲುತ್ತೇವೆ.

1706ರ ಸುಮಾರಿಗೆ ಡೀಸ್‌ಬಾಕ್ ಎಂಬ ಬಣ್ಣ ತಯಾರಕ ಅಲ್ಲಿ ಕೆಂಪು ಬಣ್ಣವನ್ನು ಮಾಡಲು ಹೊರಟಿದ್ದ. ಕೊಚಿನೀಲ್ ಕೀಟಗಳನ್ನು ಕುದಿಸಿದ ರಸಕ್ಕೆ ಪಟಿಕವನ್ನೂ ಕಬ್ಬಿಣದ ಲವಣವಾದ ಅನ್ನಭೇದಿಯನ್ನೂ ಬೆರೆಸಿ, ಪೊಟ್ಯಾಷ್ ಎಂಬ ಕ್ಷಾರ ಹಾಕಿದರೆ ಕೆಂಪು ಬಣ್ಣ ತಳಕ್ಕೆ ಇಳಿಯುತ್ತದೆ. ಅಂದು ಅವನು ಬಳಸಿದ್ದು ರಸವಾದಿ ಡಿಪೆಲ್‌ನಿಂದ ಪಡೆದ ಪೊಟ್ಯಾಷ್. ಪ್ರಾಣಿಗಳ ರಕ್ತದಿಂದ ಎಣ್ಣೆ ಇಳಿಸುವ ಕೆಲಸದಲ್ಲಿ ಬಳಕೆಯಾಗಿ ಮಲಿನಗೊಂಡಿದ್ದ ಆ ಕ್ಷಾರವನ್ನು ಹಾಕಿದಾಗ ಬಣ್ಣ ಕೆಂಪಾಗಲಿಲ್ಲ. ಗಾಢಗೊಳಿಸಲು ಯತ್ನಿಸಿದಂತೆಲ್ಲ ನೇರಳೆಗೆ ತಿರುಗಿ, ಕೊನೆಗೆ ಕಡುನೀಲಿಯಾಯಿತು. ಅಫ್ಘಾನಿಸ್ತಾನದ ಗಣಿಗಳ ನೀಲಿಕಲ್ಲನ್ನು ಅರೆದು ಮಾಡುವ ದುಬಾರಿ ಬಣ್ಣಕ್ಕಾಗಿ ಯುರೋಪಿನ ಕಲಾವಿದರು ಹಣ ಸುರಿಯುತ್ತಿದ್ದ ಕಾಲದಲ್ಲಿ ಹೀಗೆ ಅಗ್ಗದ ನೀಲಿಯೊಂದು ಕೈಗೆ ಬಂತು. ಇದನ್ನು ಬಳಸಿದ ಚಿತ್ರಗಳಲ್ಲಿ ಈವರೆಗೆ ಗುರುತಿಸಲಾದ ಅತ್ಯಂತ ಹಳೆಯದು ಪೀಟರ್ ವಾನ್ ಡರ್ ವೆರ್ಫ್ 1709ರಲ್ಲಿ ಬರೆದ ಕ್ರಿಸ್ತನ ಚಿತ್ರ. ತಯಾರಿಕೆಯ ಗುಟ್ಟು ಮಾತ್ರ 1724ರವರೆಗೆ ಹೊರಬೀಳಲಿಲ್ಲ.

ನಡೆದದ್ದಿಷ್ಟು: ರಕ್ತದಲ್ಲಿದ್ದ ಇಂಗಾಲ ಮತ್ತು ಸಾರಜನಕ ಕ್ಷಾರದೊಡನೆ ಕಾದು ಸಯನೈಡ್ ಆಗಿ, ಕಬ್ಬಿಣದೊಡನೆ ಕೂಡಿಕೊಂಡವು. ಪ್ರಶ್ಯನ್ ನೀಲಿ ಎನ್ನಲಾಗುವ ಈ ವಸ್ತುವಿನ ಹರಳಿನಲ್ಲಿ ಎರಡು ಬಗೆಯ ಕಬ್ಬಿಣದ ಅಯಾನುಗಳಿದ್ದು, ಒಂದರಲ್ಲಿ ಇನ್ನೊಂದಕ್ಕಿಂತ ಒಂದು ಎಲೆಕ್ಟ್ರಾನ್ ಹೆಚ್ಚು. ಬೆಳಕು ಬಿದ್ದಾಗ ಆ ಎಲೆಕ್ಟ್ರಾನ್ ಒಂದು ಕಬ್ಬಿಣದಿಂದ ಮತ್ತೊಂದಕ್ಕೆ ನೆಗೆಯುತ್ತದೆ, ಆ ನೆಗೆತಕ್ಕೆ ಬೇಕಾದ ಶಕ್ತಿ ಕೆಂಪು ಬೆಳಕಿನಿಂದ ಬರುತ್ತದೆ. ಹೀರಿಕೆಯಾಗದೆ ಉಳಿದದ್ದು ನಮ್ಮ ಕಣ್ಣಿಗೆ ನೀಲಿ. ಸಯನೈಡ್ ಕಬ್ಬಿಣಕ್ಕೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಬಣ್ಣ ವಿಷವಲ್ಲ. ಆದರೆ 1782ರಲ್ಲಿ ರಸಾಯನವಿಜ್ಞಾನಿ ಷೀಲೆ ಇದೇ ಬಣ್ಣವನ್ನು ಆಮ್ಲದೊಡನೆ ಕಾಯಿಸಿ ಹೈಡ್ರೋಜನ್ ಸಯನೈಡನ್ನು ಹೊರತೆಗೆದ. ಸಯನೈಡ್ ಎಂಬ ಹೆಸರಿನ ಮೂಲವೂ ‘ಕಡುನೀಲಿ’ ಎಂಬರ್ಥದ ಗ್ರೀಕ್ ಪದವೇ. ಮಗುವಿನ ಹೆಸರನ್ನು ತಾಯಿಗಿಡುವ ಬದಲು ತಾಯಿಯ ಹೆಸರನ್ನೇ ಮಗುವಿಗಿಟ್ಟಂತೆ, ಬಣ್ಣದ ಹೆಸರು ವಿಷಕ್ಕೆ ಅಂಟಿತು.

ಬಣ್ಣ ಜಪಾನನ್ನೂ ತಲುಪಿತು. 1831ರ ಸುಮಾರಿಗೆ ಅಲ್ಲಿನ ಕಲಾವಿದ ಹೊಕುಸಾಯ್ ರಚಿಸಿದ, ಇಂದು ಜಗತ್ತಿಗೆಲ್ಲ ಪರಿಚಿತವಾದ ಆ ದೈತ್ಯ ಅಲೆಯ ಮುದ್ರಣಚಿತ್ರದ ನೀಲಿ ಇದೇ. ಜಪಾನೀಯರು ಇದನ್ನು ಬರ್ಲಿನ್ನಿನ ಹೆಸರಿನಿಂದಲೇ ಕರೆದರು.

ಇನ್ನು ನಕ್ಷೆ. 1842ರಲ್ಲಿ ಖಗೋಳಜ್ಞ ಜಾನ್ ಹರ್ಷೆಲ್, ಕಬ್ಬಿಣದ ಎರಡು ಲವಣಗಳನ್ನು ಕಾಗದಕ್ಕೆ ಬಳಿದು ಬಿಸಿಲಿಗೊಡ್ಡಿದರೆ ಬೆಳಕು ಬಿದ್ದಲ್ಲೆಲ್ಲ ಪ್ರಶ್ಯನ್ ನೀಲಿ ಹುಟ್ಟುವುದನ್ನು ಕಂಡುಕೊಂಡ. ಮರುವರ್ಷವೇ ಸಸ್ಯವಿಜ್ಞಾನಿ ಆನಾ ಅಟ್ಕಿನ್ಸ್ ಕಡಲಪಾಚಿಗಳನ್ನು ಅಂಥ ಕಾಗದದ ಮೇಲಿಟ್ಟು ಅವುಗಳ ಬಿಳಿ ಅಚ್ಚುಗಳನ್ನು ಪ್ರಕಟಿಸಲಾರಂಭಿಸಿದರು. ಎಂಜಿನಿಯರುಗಳಿಗೆ ಇದು ವರವಾಯಿತು: ತೆಳುಕಾಗದದ ಮೇಲೆ ಬರೆದ ನಕ್ಷೆಯನ್ನು ಲವಣ ಬಳಿದ ಹಾಳೆಯ ಮೇಲಿಟ್ಟು ಬಿಸಿಲಿಗೆ ಹಿಡಿದು, ನೀರಲ್ಲಿ ತೊಳೆದರೆ, ಗೆರೆಗಳ ಕೆಳಗಿದ್ದ ಲವಣ ತೊಳೆದುಹೋಗಿ ನೀಲಿಯ ಮೇಲೆ ಬಿಳಿ ಗೆರೆಗಳ ಪ್ರತಿ ಮೂಡುತ್ತಿತ್ತು. ಬಿಸಿಲಿಗೆ ಮಾಸಿದ ಇಂಥ ಹಾಳೆಯನ್ನು ಕತ್ತಲಲ್ಲಿಟ್ಟರೆ, ಗಾಳಿಯ ಆಮ್ಲಜನಕದ ನೆರವಿನಿಂದ ನೀಲಿ ಬಹುಮಟ್ಟಿಗೆ ಮರಳಿ ಬರುತ್ತದೆಂಬುದು ನನಗೆ ಇಂದಿಗೂ ಸೋಜಿಗ. ಅಂಥ ಹಾಳೆಗಳು ಕಚೇರಿಗಳಿಂದ ಮರೆಯಾದವು, ಪದ ಉಳಿಯಿತು.

ಇದೇ ನೀಲಿ ಔಷಧವೂ ಆಯಿತು. 1987ರಲ್ಲಿ ಬ್ರೆಜಿಲ್‌ನ ಗೋಯಾನಿಯಾದಲ್ಲಿ, ಪಾಳುಬಿದ್ದ ಚಿಕಿತ್ಸಾಲಯವೊಂದರ ವಿಕಿರಣ ಯಂತ್ರದ ಭಾಗವನ್ನು ಗುಜರಿಗೆಂದು ಒಡೆದಾಗ, ಕತ್ತಲಲ್ಲಿ ನೀಲಿಯಾಗಿ ಹೊಳೆಯುವ, ವಿಕಿರಣ ಸೂಸುವ ಸೀಸಿಯಂ-137ರ ಪುಡಿ ಹೊರಬಂತು. ಅದರ ಚೆಲುವಿಗೆ ಮರುಳಾದವರು ಅದನ್ನು ಮನೆಗಳಿಗೆ ಒಯ್ದರು, ನಾಲ್ವರು ಸತ್ತರು. ಮೈಯೊಳಗೆ ಸೀಸಿಯಂ ಸೇರಿದ್ದ 46 ಮಂದಿಗೆ ವೈದ್ಯರು ಕೊಟ್ಟ ಔಷಧ ಪ್ರಶ್ಯನ್ ನೀಲಿ. ಅದರ ಹರಳಿನ ಪೊಳ್ಳುಗಳು ಕರುಳಿನಲ್ಲಿ ಸೀಸಿಯಂ ಅಯಾನನ್ನು ಹಿಡಿದಿಟ್ಟುಕೊಂಡು, ಅದು ಮತ್ತೆ ರಕ್ತಕ್ಕೆ ಸೇರದಂತೆ ಮಲದೊಂದಿಗೆ ಹೊರಗೆ ಸಾಗಿಸುತ್ತವೆ. ಹೀಗೆ ಹೊರಬೀಳುವ ಮಲದ ಬಣ್ಣವೂ ನೀಲಿ.