ಬಾರ್‌ನಲ್ಲಿ ಕೆಲಸಕ್ಕೆ ಸೇರಲು ಎಷ್ಟು ವಯಸ್ಸಾಗಿರಬೇಕು?

ಪ್ರಶ್ನೆ: ಮಗನಿಗೆ ಹದಿನೇಳು ವರ್ಷ. ಫಸ್ಟ್ ಪಿಯುಸಿ ಮುಗಿಸಿ ರಜೆಯಲ್ಲಿದ್ದಾನೆ. ಹಾಸನದಲ್ಲಿ ನಮ್ಮಣ್ಣನಿಗೆ ಗೊತ್ತಿರುವವರ ಬಾರ್ ಅಂಡ್ ರೆಸ್ಟೋರೆಂಟ್ ಇದೆ. ಎರಡು ತಿಂಗಳು ಕಳಿಸಿ, ಟೇಬಲ್ ಒರೆಸೋದು, ನೀರು ಕೊಡೋದು ಅಷ್ಟೇ, ಬಾಟಲಿ ಮುಟ್ಟಿಸೋದಿಲ್ಲ ಅಂತಿದ್ದಾರೆ. ಕಳಿಸಬಹುದಾ?

ಬೇಡ ಅಕ್ಕ, ಕಳಿಸಬೇಡಿ. ಹದಿನೆಂಟು ತುಂಬುವವರೆಗೆ ಬಾರ್ ಕೆಲಸ ಬೇಡವೇ ಬೇಡ.

ಬೇಸಿಗೆ ರಜೆ ಬಂತೆಂದರೆ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಸಕಲೇಶಪುರ, ಬೇಲೂರು, ಚಿಕ್ಕಮಗಳೂರು ಕಡೆಯಿಂದ ಜಾಸ್ತಿ, ಯಾಕೆಂದರೆ ಅದೇ ಹೊತ್ತಿಗೆ ಟೂರಿಸ್ಟ್‌ಗಳೂ ಬರುತ್ತಾರೆ, ಹೋಟೆಲು, ರೆಸಾರ್ಟು, ಬಾರು ಎಲ್ಲ ಕಡೆ ಕೈ ಸಾಲದೆ ಯಾರಾದರೂ ಹುಡುಗರಿದ್ದರೆ ಕಳಿಸಿ ಎನ್ನುತ್ತಾರೆ.

ಮೊದಲು ನೋಡಬೇಕಾದ್ದು 2015ರ ಬಾಲ ನ್ಯಾಯ ಕಾಯಿದೆ. ಅದರ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಹುಡುಗ ಎಷ್ಟೇ ಎತ್ತರ ಬೆಳೆದಿರಲಿ, ಮೀಸೆ ಬಂದಿರಲಿ, ಲೆಕ್ಕವಿಲ್ಲ. 78ನೇ ಕಲಂ ಹೇಳುವುದು ಇಷ್ಟು: ಮದ್ಯ ಮಾರುವುದಕ್ಕೆ, ಹೊತ್ತು ತರುವುದಕ್ಕೆ, ತಂದುಕೊಡುವುದಕ್ಕೆ ಮಗುವನ್ನು ಬಳಸಿಕೊಂಡವರಿಗೆ 7 ವರ್ಷದವರೆಗೆ ಕಠಿಣ ಸಜೆ, ಜೊತೆಗೆ 1 ಲಕ್ಷ ರೂಪಾಯಿವರೆಗೆ ದಂಡ. ಸಂಬಳ ಕೊಡುತ್ತಿದ್ದೆ, ಅಪ್ಪ ಅಮ್ಮನೇ ಕಳಿಸಿದ್ದು ಎಂದರೆ ಬಿಟ್ಟುಬಿಡುವ ವಿನಾಯಿತಿ ಆ ಕಲಂನಲ್ಲಿ ಇಲ್ಲ.

ಬಾಟಲಿ ಮುಟ್ಟಿಸೋದಿಲ್ಲ ಎಂದಿದ್ದಾರಲ್ಲ, ಅದನ್ನು ನಾನು ನಂಬುವುದಿಲ್ಲ. ಹೇಳಿದವರು ಸುಳ್ಳುಗಾರರು ಅಂತಲ್ಲ. ಒಂದು ಶನಿವಾರ ರಾತ್ರಿ ಹಾಸನದಲ್ಲೇ ಒಂದು ಕಡೆ ಊಟಕ್ಕೆ ಕೂತಿದ್ದೆ. ಪಕ್ಕದ ಟೇಬಲ್ ಒರೆಸುತ್ತಿದ್ದ ಹುಡುಗನ ಬೆರಳ ತುದಿಗಳು ಲೋಟ ತೊಳೆದೂ ತೊಳೆದೂ ಬೆಳ್ಳಗಾಗಿ ಸುಕ್ಕುಗಟ್ಟಿದ್ದವು. ಒಂಬತ್ತರ ಹೊತ್ತಿಗೆ ಜನ ತುಂಬಿದರು, ಸಪ್ಲೈಯರ್ ಇಬ್ಬರೇ. ಕೌಂಟರ್‌ನಿಂದ ಯಾರೋ ಕೂಗಿದರು, ಹುಡುಗ ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಟ್ರೇ ಹಿಡಿದುಕೊಂಡು ಬಂದ. ಟ್ರೇನಲ್ಲಿ ಒಂದು ಕ್ವಾರ್ಟರ್, ಎರಡು ಸೋಡಾ, ಒಂದು ತಟ್ಟೆ ಕಡ್ಲೆಕಾಯಿ. ನಾನು ಅವನ ಮುಖ ನೋಡಿದೆ ಅಷ್ಟೇ, ಇನ್ನೂ ಬಾಯಿ ತೆರೆದಿರಲಿಲ್ಲ, ‘ಹದಿನೆಂಟು ಸಾರ್’ ಎಂದ. ಆಮೇಲೆ ಮೆಲ್ಲಗೆ ಏನು ಓದ್ತಿದ್ದೀಯ ಅಂದರೆ, ಎಸ್ಸೆಸ್ಸೆಲ್ಸಿ ರಿಸಲ್ಟ್ ಬರಬೇಕು ಸಾರ್ ಅಂದ. ಅವತ್ತು ಊಟ ಗಂಟಲಲ್ಲಿ ಇಳಿಯಲಿಲ್ಲ. ಅವನನ್ನೂ ಬರೀ ಟೇಬಲ್ ಒರೆಸೋಕೆ ಅಂತಲೇ ಸೇರಿಸಿಕೊಂಡಿರುತ್ತಾರೆ, ಅಲ್ವಾ?

ಸರಿ, ನಿಜವಾಗಿಯೂ ಒರೆಸುವ ಕೆಲಸವನ್ನಷ್ಟೇ ಕೊಟ್ಟರು ಎಂದುಕೊಳ್ಳಿ. ಆಗಲೂ 1986ರ ಬಾಲ ಕಾರ್ಮಿಕ ಕಾಯಿದೆ ಅಡ್ಡ ಬರುತ್ತದೆ. 2016ರಲ್ಲಿ ತಿದ್ದುಪಡಿಯಾದ ಮೇಲೆ 14ರಿಂದ 18ರ ನಡುವಿನವರೂ ಅದರ ಒಳಗೆ ಬಂದಿದ್ದಾರೆ. ಅವರನ್ನು ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ದುಡಿಸುವ ಹಾಗಿಲ್ಲ. ಮೂರು ಗಂಟೆ ಆದ ಮೇಲೆ ಒಂದು ಗಂಟೆ ಬಿಡುವು ಕೊಡಬೇಕು, ಬಿಡುವು, ಕಾಯುವ ಹೊತ್ತು ಎಲ್ಲ ಸೇರಿ ದಿನಕ್ಕೆ ಆರು ಗಂಟೆ ಮೀರಬಾರದು, ಓವರ್‌ಟೈಮ್ ಇಲ್ಲ, ವಾರಕ್ಕೊಂದು ರಜೆ. ಬಾರ್‌ನಲ್ಲಿ ವ್ಯಾಪಾರ ಏರುವುದೇ ಏಳರ ಮೇಲೆ. ಏಳಕ್ಕೆ ಮನೆಗೆ ಹೋಗು ಅಂತ ಯಾವ ಮಾಲೀಕ ಕಳಿಸುತ್ತಾನೆ ಹೇಳಿ?

ನಮ್ಮದೇ ಬಾರು, ಮಗ ಗಲ್ಲಾ ಹತ್ತಿರ ಕೂತರೆ ಏನಂತೆ ಅಂತಲೂ ಕೇಳುತ್ತಾರೆ. ಮಕ್ಕಳು ಶಾಲೆ ಮುಗಿಸಿ ಮನೆಯವರ ಕಸುಬಿಗೆ ಕೈಜೋಡಿಸಬಹುದು ಅಂತ ಬಾಲ ಕಾರ್ಮಿಕ ಕಾಯಿದೆಯಲ್ಲಿ ಇರುವುದು ನಿಜ, ಆದರೆ 78ನೇ ಕಲಂಗೂ ಅದಕ್ಕೂ ಸಂಬಂಧವಿಲ್ಲ. ಎಣ್ಣೆ ಮಾರಿದ್ದು ಸ್ವಂತ ಮಗನಾದರೂ ಬಳಸಿಕೊಂಡದ್ದು ಬಳಸಿಕೊಂಡದ್ದೇ. ಹೋಂಸ್ಟೇ ನಡೆಸುವವರು ಇದನ್ನು ಇನ್ನೂ ಗಮನವಿಟ್ಟು ಓದಬೇಕು. ಗೆಸ್ಟ್‌ಗಳು ಕೇಳಿದರು ಅಂತ ತೋಟದ ಲೈನ್‌ಮನೆ ಹುಡುಗನ ಕೈಗೆ ದುಡ್ಡು ಕೊಟ್ಟು ಪೇಟೆಯಿಂದ ಎರಡು ಬಾಟಲಿ ತಾ ಎಂದರೆ, ಅದು ಕೂಡ ಹೊತ್ತು ತರುವ ಕೆಲಸವೇ.

ನೆಟ್‌ನಲ್ಲಿ ಹುಡುಕಿದರೆ 25 ಅಂತಲೂ ಸಿಗುತ್ತದೆ. ಅದು ನಮ್ಮದಲ್ಲ. ದೆಹಲಿಯಲ್ಲಿ ಜಾರಿಯಲ್ಲಿದ್ದ 1914ರ ಪಂಜಾಬ್ ಅಬಕಾರಿ ಕಾಯಿದೆಯ ಮಾತು. 25 ಆಗದ ಗಂಡಸರನ್ನೂ, ಯಾವ ವಯಸ್ಸಿನ ಹೆಂಗಸರನ್ನೂ ಬಾರ್ ಕೆಲಸಕ್ಕೆ ಇಟ್ಟುಕೊಳ್ಳಬಾರದು ಅಂತ ಅದರಲ್ಲಿತ್ತು. ಹೆಂಗಸರಿಗೆ ಹೀಗೆ ಬಾಗಿಲು ಹಾಕುವುದು ತಪ್ಪು ಅಂತ 2007ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇನ್ನು 21 ಅನ್ನುವ ಲೆಕ್ಕ ಮದ್ಯ ಕೊಳ್ಳುವವರ ವಯಸ್ಸಿನದು. ಅದನ್ನು 18ಕ್ಕೆ ಇಳಿಸಲು 2023ರ ಜನವರಿಯಲ್ಲಿ ನಮ್ಮ ಸರ್ಕಾರ ಕರಡು ಹೊರಡಿಸಿ, ವಿರೋಧ ಬಂದ ಮೇಲೆ ಕೈಬಿಟ್ಟಿತು.

ಮಗನಿಗೆ ದುಡಿಯುವ ಮನಸ್ಸಿದ್ದರೆ ತಡೆಯಬೇಡಿ, ಒಳ್ಳೆಯದೇ. ಬುಕ್ ಸ್ಟಾಲು, ಬಟ್ಟೆ ಅಂಗಡಿ, ಜೆರಾಕ್ಸ್ ಅಂಗಡಿ ನೋಡಿ. ಹಗಲು ಹೊತ್ತು, ಮೇಲೆ ಹೇಳಿದ ಗಂಟೆಗಳ ಒಳಗೆ. ಸಣ್ಣ ಮಕ್ಕಳನ್ನು ಬಾರ್‌ನಲ್ಲಿ ದುಡಿಸುವುದು ಕಣ್ಣಿಗೆ ಬಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ದುಡ್ಡೇನೂ ಖರ್ಚಾಗುವುದಿಲ್ಲ.

ಹದಿನೆಂಟು ತುಂಬಿದ ಮೇಲೆ ಅಲ್ಲಿಗೇ ಸೇರುತ್ತೇನೆ ಎಂದರೆ, ಲೈಸೆನ್ಸ್ ಸಿಎಲ್-7ಆ (ವಸತಿ ಹೋಟೆಲಿನದು), ಸಿಎಲ್-9ಆ (ಬಾರ್ ಅಂಡ್ ರೆಸ್ಟೋರೆಂಟಿನದು) ಕೇಳಿ, ಕೆಲಸದವರ ಬಗ್ಗೆ ಅದರಲ್ಲಿ ಏನು ಷರತ್ತಿದೆ ಅಂತ ತಾಲ್ಲೂಕಿನ ಅಬಕಾರಿ ಆಫೀಸಿನಲ್ಲಿ ವಿಚಾರಿಸಿ. ವಯಸ್ಸಿನ ದಾಖಲೆಗೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಕೊಡಿ. ಆಧಾರ್ ವಯಸ್ಸಿಗೆ ಸಾಕ್ಷಿಯಲ್ಲ ಅಂತ 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೊಡುವುದು ಜೆರಾಕ್ಸ್ ಮಾತ್ರ. ಒರಿಜಿನಲ್ ಇಟ್ಟುಕೊಳ್ಳುತ್ತೇವೆ ಎಂದರೆ ಅಲ್ಲಿಂದ ಎದ್ದು ಬನ್ನಿ.