ಮೌಂಟನ್ ಬೈಕಿಗೆ ಹೊಸ ಫೋರ್ಕ್: ಕೊಳ್ಳುವ ಮುಂಚೆ ಏನನ್ನು ಅಳೆಯಬೇಕು?

ಪ್ರಶ್ನೆ: ನನ್ನ 29 ಇಂಚು ಚಕ್ರದ ಹಾರ್ಡ್‌ಟೇಲ್‌ನಲ್ಲಿ (ಹಿಂದೆ ಸಸ್ಪೆನ್ಷನ್ ಇಲ್ಲದ ಬೈಕ್) 100 ಮಿಮೀ ಟ್ರಾವೆಲ್‌ನ, ಅಂದರೆ ಅಷ್ಟು ಕುಗ್ಗಬಲ್ಲ, ಸನ್‌ಟೂರ್ ಎಕ್ಸ್‌ಸಿಎಂ ಫೋರ್ಕ್ (ಮುಂದಿನ ಸಸ್ಪೆನ್ಷನ್) ಇದೆ. ಕಲ್ಲುದಾರಿಯಲ್ಲಿ ಅರ್ಧ ಗಂಟೆ ಓಡಿಸಿದರೆ ಕೈ ಜೋಮು ಹಿಡಿಯುತ್ತದೆ. 120 ಅಥವಾ 140 ಮಿಮೀ ಏರ್ ಫೋರ್ಕ್ (ಸ್ಪ್ರಿಂಗ್ ಬದಲು ಗಾಳಿ ತುಂಬಿದ್ದು) ಹಾಕಿಸಿದರೆ ಸರಿಹೋದೀತೇ? ಯಾವುದನ್ನು ಕೊಳ್ಳಲಿ?

ಉತ್ತರ: ಯಾವ ಫೋರ್ಕ್ ಎಂದು ತೀರ್ಮಾನಿಸುವುದು ನೀವಲ್ಲ, ನಿಮ್ಮ ಫ್ರೇಮಿನ ಹೆಡ್ ಟ್ಯೂಬ್ (ಫೋರ್ಕ್ ತೂರುವ ಮುಂದಿನ ಕೊಳವೆ) ಮತ್ತು ಮುಂದಿನ ಹಬ್ (ಚಕ್ರದ ನಡುಭಾಗ). ಮೊದಲು ಅವೆರಡನ್ನು ನೋಡಿ, ಆಮೇಲೆ ಕಂಪನಿಯ ಹೆಸರು.

ಫೋರ್ಕಿನ ಕೊಳವೆ, ಅಂದರೆ ಸ್ಟೀರರ್, ಎರಡು ಬಗೆ. ಮೇಲಿಂದ ಕೆಳಗಿನವರೆಗೆ 28.6 ಮಿಮೀ (ಒಂದೂ ಎಂಟನೇ ಒಂದು ಇಂಚು) ಇರುವುದು ನೇರ ಸ್ಟೀರರ್. ಕೆಳಗೆ ಹೋಗುತ್ತಾ ಒಂದೂವರೆ ಇಂಚಿಗೆ ದಪ್ಪವಾಗುವುದು ಟೇಪರ್ಡ್. ಈಗಿನ ಒಳ್ಳೆಯ ಫೋರ್ಕ್‌ಗಳಲ್ಲಿ ಬಹುಪಾಲು ಟೇಪರ್ಡ್. ಎಕ್ಸ್‌ಸಿಎಂ ಹಾಕಿದ ಬೈಕ್‌ಗಳಲ್ಲಿ ಹೆಚ್ಚಿನವು ನೇರ. ಫ್ರೇಮಿಗೆ ಟೇಪರ್ಡ್ ಹಿಡಿಸುತ್ತದೆಯೇ ಎಂದು ತಿಳಿಯಲು ಹೆಡ್‌ಸೆಟ್ (ಅಲ್ಲಿನ ಬೇರಿಂಗ್ ಜೋಡಿ) ಬಿಚ್ಚಿ ಹೆಡ್ ಟ್ಯೂಬಿನ ಒಳ ವ್ಯಾಸವನ್ನು ವರ್ನಿಯರ್‌ನಿಂದ ಅಳೆಯಿರಿ. ಸುಮಾರು 34 ಮಿಮೀ ಇದ್ದರೆ ನೇರ ಸ್ಟೀರರ್ ಬಿಟ್ಟು ಬೇರೆ ದಾರಿಯಿಲ್ಲ. ಯಾವ ಅಡಾಪ್ಟರೂ ಕೆಲಸಕ್ಕೆ ಬರುವುದಿಲ್ಲ. ಮೇಲೂ ಕೆಳಗೂ 44 ಮಿಮೀ ಇದ್ದರೆ ಅದೃಷ್ಟ. ಕೆಳಗಿನ ಕಪ್ (ಬೇರಿಂಗ್ ಕೂರುವ ಬಟ್ಟಲು) ಬದಲು ಹೊರಗೆ ಕೂರುವ ಈಸಿ44/40 ಕಪ್ ಹಾಕಿದರೆ ಟೇಪರ್ಡ್ ಕೂಡ ಕೂರುತ್ತದೆ. ಕೆಳಗಿನ ತುದಿ ಕಣ್ಣಿಗೇ ದಪ್ಪ ಕಂಡರೆ ಎರಡೂ ಸಾಧ್ಯ; ನೇರ ಸ್ಟೀರರ್‌ಗೆ ರಿಡ್ಯೂಸರ್ ರೇಸ್ (ಅಂತರ ತುಂಬುವ ಉಂಗುರ) ಒಂದು ಬೇಕಾಗುತ್ತದೆ, ಅಷ್ಟೆ.

ಆಮೇಲೆ ಹಬ್. ನಿಮ್ಮದು ಬಹುಶಃ 9×100 ಕ್ವಿಕ್ ರಿಲೀಸ್, ಅಂದರೆ 9 ಮಿಮೀ ದಪ್ಪ, 100 ಮಿಮೀ ಅಗಲದ, ಸನ್ನೆ ತಿರುಗಿಸಿ ಬಿಚ್ಚುವ ಆಕ್ಸಲ್ (ಅಚ್ಚು). ಹೊಸ ಫೋರ್ಕ್‌ಗಳು 15×100 ಅಥವಾ 15×110 ಬೂಸ್ಟ್ (ಹೆಚ್ಚು ಅಗಲದ) ಆಕ್ಸಲ್ ಕೇಳುತ್ತವೆ. ಕೆಲವು ಹಬ್‌ಗಳಿಗೆ ಎಂಡ್ ಕ್ಯಾಪ್ ಬದಲಿಸಿದರೆ ಸಾಕು. ಅಗ್ಗದ ಹಬ್‌ಗೆ ಅದು ಸಿಗದು, ಆಗ ಮುಂದಿನ ಚಕ್ರವನ್ನೇ ಹೊಸದಾಗಿ ಕಟ್ಟಿಸಬೇಕು. ಫೋರ್ಕ್ ಅಗ್ಗಕ್ಕೆ ಸಿಕ್ಕಿತೆಂದು ಖುಷಿಪಟ್ಟವರ ಲೆಕ್ಕ ತಪ್ಪುವುದು ಇಲ್ಲೇ.

ಬ್ರೇಕ್ ಮೌಂಟ್ ಕೂಡ ನೋಡಿ. ಕ್ಯಾಲಿಪರ್ (ಡಿಸ್ಕ್ ಹಿಡಿಯುವ ಭಾಗ) ಕೂರುವ ಪೋಸ್ಟ್ ಮೌಂಟ್ 160 ಇದ್ದರೆ 160 ಮಿಮೀ ಡಿಸ್ಕ್ ನೇರವಾಗಿ ಕೂರುತ್ತದೆ, ಅಡಾಪ್ಟರ್ ಹಾಕಿ 180ಕ್ಕೂ ಹೋಗಬಹುದು. ಮೌಂಟೇ 180ರದ್ದಾದರೆ 160ರ ಡಿಸ್ಕ್ ಹಾಕಲು ಆಗುವುದೇ ಇಲ್ಲ; ಅಡಾಪ್ಟರ್ ಕ್ಯಾಲಿಪರನ್ನು ದೂರ ತಳ್ಳಬಲ್ಲದು, ಹತ್ತಿರ ತರಲಾರದು. ವಿ-ಬ್ರೇಕ್ (ರಿಮ್ ಹಿಡಿಯುವ ಬ್ರೇಕ್) ಇರುವವರಂತೂ ಮೊದಲು ಡಿಸ್ಕ್‌ಗೆ ಬದಲಾಗಬೇಕು.

ಈಗ ಟ್ರಾವೆಲ್. 140 ಬೇಡ. ಫೋರ್ಕ್ 20 ಮಿಮೀ ಎತ್ತರವಾದರೆ ಹೆಡ್ ಆಂಗಲ್ (ಹೆಡ್ ಟ್ಯೂಬಿನ ಓರೆ) ಸುಮಾರು ಒಂದು ಡಿಗ್ರಿ ಹಿಂದಕ್ಕೆ ವಾಲುತ್ತದೆ, ಪೆಡಲ್ ಕೂರುವ ಬಾಟಮ್ ಬ್ರಾಕೆಟ್ 7 ಮಿಮೀ ಆಸುಪಾಸು ಮೇಲೇಳುತ್ತದೆ. ಅಷ್ಟಕ್ಕೆ ಇಳಿಜಾರಿನಲ್ಲಿ ಧೈರ್ಯ ಬರುತ್ತದೆ, ಏರುದಾರಿಯಲ್ಲಿ ಮುಂದಿನ ಚಕ್ರ ಅಲೆದಾಡುತ್ತದೆ. ಬಹಳ ಜನ ಈ ಕೊಡುಕೊಳ್ಳುವಿಕೆಗೆ ಒಪ್ಪುತ್ತಾರೆ. 40 ಮಿಮೀ ಆದರೆ ಹಾಗಲ್ಲ. ಉದ್ದವಾದ ಫೋರ್ಕ್ ಸನ್ನೆಕೋಲಿನ ಹಾಗೆ ಹೆಡ್ ಟ್ಯೂಬ್ ಮತ್ತು ಡೌನ್ ಟ್ಯೂಬ್ ಸೇರುವ ವೆಲ್ಡಿಂಗ್ ಮೇಲೆ ಎಳೆತ ಹೆಚ್ಚಿಸುತ್ತದೆ. ಫ್ರೇಮ್ ಬಿರುಕು ಬಿಡುವುದು ಅಲ್ಲೇ. ತಯಾರಕರು 120 ಒಪ್ಪಿದ್ದಾರೆಯೇ ಎಂದು ಕೇಳಿ ತಿಳಿದುಕೊಳ್ಳಿ, ಇಲ್ಲವಾದರೆ 100ಕ್ಕೇ ನಿಲ್ಲಿ. ಹೋಲಿಸುವಾಗ ಟ್ರಾವೆಲ್ ಒಂದನ್ನೇ ನೋಡಬೇಡಿ, ಆಕ್ಸಲ್‌ನಿಂದ ಕ್ರೌನ್‌ವರೆಗಿನ (ಎರಡು ಕಾಲು ಮೇಲೆ ಸೇರುವ ಜಾಗ) ಎತ್ತರವನ್ನೂ ನೋಡಿ.

ನಿಮ್ಮ ಕೈ ಜೋಮಿಗೆ ಟ್ರಾವೆಲ್ ಕಡಿಮೆಯಾದದ್ದು ಕಾರಣವಲ್ಲ ಅನ್ನಿಸುತ್ತದೆ. ನಿಮ್ಮ ಎಕ್ಸ್‌ಸಿಎಂ ಒಳಗಿನ ಕಾಯಿಲ್ (ಸುರುಳಿ) ಸ್ಪ್ರಿಂಗ್ ಒಂದೇ ಗಡಸಿನದು. 55 ಕಿಲೋದವರಿಗೆ ಅದು ಕಲ್ಲಿನ ಹಾಗೆ, 95 ಕಿಲೋದವರಿಗೆ ತಳಕ್ಕೆ ಬಡಿಯುತ್ತದೆ. ಏರ್ ಫೋರ್ಕ್‌ನಲ್ಲಿ ಗಾಳಿ ತುಂಬಿ ನಿಮ್ಮ ತೂಕಕ್ಕೆ ಹೊಂದಿಸಬಹುದು. ನಿಜವಾದ ಲಾಭ ಇದು, ಜೊತೆಗೆ ರಿಬೌಂಡ್ ಹೊಂದಾಣಿಕೆ, ಅಂದರೆ ಕುಗ್ಗಿದ ಫೋರ್ಕ್ ಮರಳಿ ಏಳುವ ವೇಗದ ನಿಯಂತ್ರಣ. ರಿಬೌಂಡ್ ನಿಯಂತ್ರಣವಿಲ್ಲದ ಫೋರ್ಕ್ ಕಲ್ಲಿಗೆ ತಾಗಿ ಒತ್ತಿದಷ್ಟೇ ವೇಗದಲ್ಲಿ ಚಿಮ್ಮಿ ಅಂಗೈಗೆ ಬಾರಿಸುತ್ತದೆ.

ನೇರ ಸ್ಟೀರರ್ ಮತ್ತು ಕ್ವಿಕ್ ರಿಲೀಸ್ ಇದ್ದರೆ ಆಯ್ಕೆ ಚಿಕ್ಕದು: ರಾಕ್‌ಶಾಕ್ಸ್ ಜೂಡಿ ಸಿಲ್ವರ್, ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ರೆಕಾನ್ ಸಿಲ್ವರ್, ಸನ್‌ಟೂರ್‌ನದೇ ಎಕ್ಸ್‌ಸಿಆರ್ ಏರ್. ಜೂಡಿಯ ಕಾಲುಗಳು 30 ಮಿಮೀ, ರೆಕಾನ್‌ನದು 32. ತೂಕ ಹೆಚ್ಚಿರುವವರು ರೆಕಾನ್ ಕಡೆ ನೋಡುವುದು ವಾಸಿ. ಒಂದೇ ಹೆಸರಲ್ಲಿ ಟೇಪರ್ಡ್, ಬೂಸ್ಟ್ ಎಲ್ಲವೂ ಬರುವುದರಿಂದ ಡಬ್ಬದ ಮೇಲಿನ ಸ್ಟೀರರ್, ಆಕ್ಸಲ್ ವಿವರ ಓದಿಯೇ ದುಡ್ಡು ಕೊಡಿ.

ಕೂರಿಸುವಾಗ ಸ್ಟೀರರ್ ಕತ್ತರಿಸುವುದೇ ಮರಳಿ ಬಾರದ ಹೆಜ್ಜೆ. ಹೆಡ್‌ಸೆಟ್, ಸ್ಪೇಸರ್ (ಎತ್ತರ ಹೊಂದಿಸುವ ಉಂಗುರ), ಸ್ಟೆಮ್ (ಹ್ಯಾಂಡಲ್ ಹಿಡಿಯುವ ತುಂಡು) ಎಲ್ಲ ಜೋಡಿಸಿ ಸ್ಟೆಮ್ ಮೇಲಂಚಿಗೆ ಗುರುತು ಹಾಕಿ, ಅದಕ್ಕಿಂತ 3 ಮಿಮೀ ಕೆಳಗೆ ಕತ್ತರಿಸಿ. ಖಚಿತವಿಲ್ಲದಿದ್ದರೆ ಸ್ಟೆಮ್ ಮೇಲೆ ಇನ್ನೊಂದು ಸ್ಪೇಸರ್ ಇಟ್ಟು ಅದರ ಮೇಲಂಚನ್ನು ಲೆಕ್ಕಕ್ಕೆ ಹಿಡಿಯಿರಿ. ಹಳೆಯ ಕ್ರೌನ್ ರೇಸನ್ನು (ಕೆಳಗಿನ ಬೇರಿಂಗ್ ಕೂರುವ ಉಂಗುರ) ಹೊಸ ಫೋರ್ಕಿಗೆ ದಾಟಿಸುವಾಗ ಅದು ಪೂರ್ತಿ ಕೂರಬೇಕು. ಕೂದಲಷ್ಟು ಸಂದಿ ಉಳಿದರೂ ಎರಡು ರೈಡ್ ಆದಮೇಲೆ ಹೆಡ್‌ಸೆಟ್ ಸಡಿಲವಾಗುತ್ತದೆ, ಜನ ಫೋರ್ಕ್ ಕೆಟ್ಟಿತು ಅಂದುಕೊಳ್ಳುತ್ತಾರೆ. ಸ್ಟೆಮ್ ಬೋಲ್ಟ್ ಸಡಿಲ ಇಟ್ಟು ಮೊದಲು ಮೇಲಿನ ಕ್ಯಾಪ್ ಬಿಗಿ ಮಾಡಿ, ಅಲುಗಾಟ ಹೋದಮೇಲೆ ಸ್ಟೆಮ್ ಬೋಲ್ಟ್‌ಗಳನ್ನು ಅದರ ಮೇಲೆ ಬರೆದಷ್ಟು, ಸಾಮಾನ್ಯವಾಗಿ 5 ನ್ಯೂಟನ್ ಮೀಟರ್, ಬಿಗಿಯಿರಿ.

ಗಾಳಿಗೆ ಶಾಕ್ ಪಂಪ್ ಬೇಕು. ಟೈರ್ ಪಂಪ್ ಬೇಡ. ತುಂಬಿದ ಮೇಲೆ ನಾಲ್ಕೈದು ಸಲ ಒತ್ತಿ, ಮತ್ತೆ ಒತ್ತಡ ನೋಡಿ, ಕಡಿಮೆಯಾಗಿದ್ದರೆ ಸರಿಪಡಿಸಿ. ನೀರಿನ ಚೀಲ ಸಮೇತ ಪೆಡಲ್ ಮೇಲೆ ನಿಂತಾಗ 100 ಮಿಮೀ ಫೋರ್ಕ್ ಸುಮಾರು 20 ಮಿಮೀ ಇಳಿಯಬೇಕು. ಕಾಲಿನ ಮೇಲಿನ ರಬ್ಬರ್ ಉಂಗುರ ಅಳತೆ ಕೊಡುತ್ತದೆ. ಮಾರನೇ ದಿನ ಪಂಪ್ ಹಾಕಿದಾಗ ಮುಳ್ಳು ಸ್ವಲ್ಪ ಕಡಿಮೆ ತೋರಿಸಿದರೆ ಸೋರಿಕೆ ಎಂದು ಹೆದರಬೇಡಿ, ಪಂಪಿನ ಕೊಳವೆಯೊಳಗೆ ಗಾಳಿ ಹೋಗಿರುತ್ತದೆ.

ಕಾಯಿಲ್ ಫೋರ್ಕ್‌ನ ಹಾಗೆ ಇದನ್ನು ಮರೆತುಬಿಡುವಂತಿಲ್ಲ. 50 ಗಂಟೆ ಓಡಿಸಿದ ಮೇಲೆ ಕೆಳಗಿನ ಕಾಲುಗಳನ್ನು ಬಿಚ್ಚಿ, ಒರೆಸಿ, ಹೊಸ ಎಣ್ಣೆ ಹಾಕಬೇಕು. ಮಲೆನಾಡಿನ ಮಳೆಗಾಲದಲ್ಲಿ ಓಡಿಸುವವರು ಇನ್ನೂ ಬೇಗ. ಎಣ್ಣೆ ಮ್ಯಾನ್ಯುವಲ್‌ನಲ್ಲಿ ಹೇಳಿದಷ್ಟೇ. ಹೆಚ್ಚು ಸುರಿದರೆ ಒಳಗಿನ ಗಾಳಿಗೆ ಜಾಗವಿಲ್ಲದೆ ಪೂರ್ತಿ ಟ್ರಾವೆಲ್ ಸಿಗದು. ಪ್ರೆಶರ್ ವಾಷರ್‌ನ ನೀರನ್ನು ಸೀಲ್‌ಗೆ ಹೊಡೆಯಬೇಡಿ.

ಇಷ್ಟೆಲ್ಲ ಖರ್ಚು ಬೈಕಿನ ಬೆಲೆಯ ಅರ್ಧ ದಾಟುವುದಾದರೆ ಹಳೆಯ ಫೋರ್ಕನ್ನೇ ಬಿಚ್ಚಿಸಿ ಗ್ರೀಸ್ ಮಾಡಿಸಿ, ನಿಮ್ಮ ತೂಕಕ್ಕೆ ತಕ್ಕ ಸ್ಪ್ರಿಂಗ್ ಸಿಗುವುದೇ ಕೇಳಿ, ಅಗಲ ಟೈರ್ ಹಾಕಿ ಗಾಳಿ ಇಳಿಸಿ ನೋಡಿ. ಸೆಕೆಂಡ್ ಹ್ಯಾಂಡ್ ಫೋರ್ಕ್ ಸಿಕ್ಕರೆ ಹೊಳೆಯುವ ಕಾಲುಗಳ ಮೇಲೆ ಉಗುರು ಎಳೆಯಿರಿ, ಗೀರು ಉಗುರಿಗೆ ಸಿಕ್ಕರೆ ಬಿಡಿ. ಅದಕ್ಕೂ ಮುಂಚೆ ಸ್ಟೀರರ್ ಉದ್ದ ಕೇಳಿ: ಹಿಂದಿನ ಮಾಲೀಕರು ನಿಮ್ಮದಕ್ಕಿಂತ ಗಿಡ್ಡ ಹೆಡ್ ಟ್ಯೂಬಿಗೆ ಕತ್ತರಿಸಿದ್ದರೆ ಆ ಫೋರ್ಕ್ ಪುಕ್ಕಟೆ ಕೊಟ್ಟರೂ ನಿಮ್ಮ ಬೈಕಿಗೆ ಕೂರುವುದಿಲ್ಲ.